ಮಾಯದ ಹುಣ್ಣಿನ ಹಿಂದೆ ಯಾವ ಲೀಶ್ಮೇನಿಯಾ?

ಗೋಕಾಕ ಕಡೆಯ ಸೈನಿಕರೊಬ್ಬರು ರಜೆಗೆ ಬಂದಾಗ ಬೆಳಗಾವಿಯ ನಮ್ಮ ಲ್ಯಾಬಿಗೆ ಬಂದರು. ಕೆನ್ನೆ ಮೇಲೆ ಹುಣ್ಣು. ಅಂಚು ಉಬ್ಬಿತ್ತು, ನಡುವೆ ಹಕ್ಕಳೆ ಕಟ್ಟಿತ್ತು. “ನೋವಿಲ್ರಿ ಸಾಹೇಬ್ರ, ಆದ್ರ ಮಾಯವಲ್ದು” ಎಂದರು. ಆಂಟಿಬಯೋಟಿಕ್ ನುಂಗಿ ಬೇಸತ್ತಿದ್ದರು. ಡ್ಯೂಟಿ ಎಲ್ಲಿ ಎಂದು ಕೇಳಿದೆ. ಬಿಕಾನೇರ್ ಎಂದರು. ನನಗೆ ಅಲ್ಲೇ ಅನುಮಾನ ಬಂತು. ಆ ಒಣ ಸೀಮೆಯಲ್ಲಿ, ಲೀಶ್ಮೇನಿಯಾ ಎಂಬ ಏಕಕೋಶ ಪರಾವಲಂಬಿಯಿಂದ ಬರುವ, ಮರಳು ನೊಣ ಕಚ್ಚಿ ಹರಡುವ ಚರ್ಮರೋಗ ಹಳೆಯದು. ನಮ್ಮ ಜಿಲ್ಲೆಯ ಮಂದಿ ಸೈನ್ಯದಲ್ಲಿ ಜಾಸ್ತಿ. ಹಾಗಾಗಿ ಊರು ಕೇಳಿದರೆ ಸಾಲದು, ಎಲ್ಲಿ ದುಡಿದು ಬಂದರು ಎಂದೂ ಕೇಳಬೇಕು.

ಸ್ಯಾಂಪಲ್ಲನ್ನು ಹುಣ್ಣಿನ ನಡುವಿನಿಂದ ತೆಗೆಯಬಾರದು. ಅಲ್ಲಿ ಕೀವು, ಸತ್ತ ಚರ್ಮವೇ ಜಾಸ್ತಿ. ಉಬ್ಬಿದ ಅಂಚನ್ನು ಬೆರಳಲ್ಲಿ ಒತ್ತಿ ಹಿಡಿದು, ರಕ್ತ ಹೆಚ್ಚು ಬಾರದಂತೆ ಸಣ್ಣಗೆ ಸೀಳಿ ಕೆರೆದೆ. ಒಂದು ಚೂರು ಚರ್ಮವನ್ನು ಆಲ್ಕೋಹಾಲ್‌ನಲ್ಲಿ ಇಟ್ಟೆ. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಡುತ್ತದೆ.

ಗೀಮ್ಸಾ ಬಣ್ಣ ಹಾಕಿ ನೋಡಿದಾಗ ಜೀವಕೋಶಗಳೊಳಗೆ 2ರಿಂದ 4 ಮೈಕ್ರಾನ್‌ನ ದುಂಡು ಜೀವಿಗಳು ಕಂಡವು. ಒಳಗೆ ನ್ಯೂಕ್ಲಿಯಸ್, ಪಕ್ಕದಲ್ಲಿ ಕಡ್ಡಿಯಂಥ ಕೈನೆಟೋಪ್ಲಾಸ್ಟ್, ಅಂದರೆ ಈ ಜೀವಿಯ ಇನ್ನೊಂದು ಡಿಎನ್‌ಎ ಗಂಟು. ಆ ಕಡ್ಡಿ ಕಾಣುವವರೆಗೂ ನಾನು ಲೀಶ್ಮೇನಿಯಾ ಎಂದು ಬರೆಯುವುದಿಲ್ಲ. ಹಿಸ್ಟೋಪ್ಲಾಸ್ಮಾ ಶಿಲೀಂಧ್ರವೂ ಹೀಗೇ ಕೋಶದೊಳಗೆ ತುಂಬಿರುತ್ತದೆ, ಆದರೆ ಅದಕ್ಕೆ ಕಡ್ಡಿಯಿಲ್ಲ.

ಕಷ್ಟ ಶುರುವಾಗುವುದು ಇಲ್ಲಿಂದ. ಮೈಕ್ರೋಸ್ಕೋಪಿನಲ್ಲಿ ಎಲ್ಲ ಲೀಶ್ಮೇನಿಯಾಗಳೂ ಒಂದೇ ಥರ. ರೋಗ ನೋಡಿ ಹೆಸರು ಹೇಳೋಣವೆಂದರೆ ಅದೂ ಆಗದು. ಬಿಹಾರದಲ್ಲಿ ಕಾಲಾ ಅಜಾರ್ ಎಂಬ ಒಳಾಂಗಗಳ ರೋಗ ತರುವ ಲೀಶ್ಮೇನಿಯಾ ಡೊನೊವಾನಿ ಪ್ರಭೇದವೇ ಶ್ರೀಲಂಕಾದಲ್ಲಿ, ಹಿಮಾಚಲದಲ್ಲಿ ಚರ್ಮದ ಹುಣ್ಣು ತರುತ್ತದೆ! ಹಾಗಾಗಿ ಜೀವಿಯ ಡಿಎನ್‌ಎಯಲ್ಲಿ ಐಟಿಎಸ್-1 ಎಂಬ ಭಾಗವನ್ನು ಪಿಸಿಆರ್‌ನಲ್ಲಿ ಸಾಕಷ್ಟು ನಕಲು ಮಾಡಿ, ಹೇ-3 ಎಂಬ ಕಿಣ್ವದಿಂದ ಕತ್ತರಿಸಿ, ತುಂಡುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿದೆವು. ಮೇಜರ್ ಎಂಬ ಪ್ರಭೇದ ಬೇರೆಯಾಗಿಯೇ ಕಾಣುತ್ತದೆ. ಟ್ರಾಪಿಕಾ, ಡೊನೊವಾನಿ ಪ್ರಭೇದಗಳ ದೊಡ್ಡ ತುಂಡಿನ ಪಟ್ಟಿ ಮಾತ್ರ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಜೆಲ್ ನೋಡಿ ಸುಮ್ನೆ ಹೆಸರು ಬರೆಯುವುದು ನನಗೆ ಒಪ್ಪದು. ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಟ್ರಾಪಿಕಾ ಎಂದು ಬಂತು.

ಯಾವುದಕ್ಕೂ ಹೊಂದದಿದ್ದರೆ ಹೊಸ ಪ್ರಭೇದ ಅಂತಾನಾ ಸರ್, ಎಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಥೈಲ್ಯಾಂಡಿನ ಕಥೆ ಹೇಳುತ್ತೇನೆ. ಅಲ್ಲಿ ಸಿಕ್ಕ ಲೀಶ್ಮೇನಿಯಾವನ್ನು ಮೊದಲು ಸಿಯಾಮೆನ್ಸಿಸ್ ಎಂದು ಕರೆದರು, ನಿಯಮದಂತೆ ವಿವರಣೆ ಕೊಡಲಿಲ್ಲ. ಆಮೇಲೆ ನೋಡಿದರೆ ಅದರಲ್ಲಿ ಹಲವು, ಕೆರಿಬಿಯನ್ ದ್ವೀಪದಲ್ಲಿ ಮೊದಲೇ ಗೊತ್ತಿದ್ದ ಮಾರ್ಟಿನಿಕೆನ್ಸಿಸ್. ನಿಜವಾಗಿ ಬೇರೆಯಾಗಿದ್ದದ್ದಕ್ಕೆ 2018ರಲ್ಲಿ ಓರಿಯೆಂಟಾಲಿಸ್ ಎಂಬ ಹೆಸರು ಬಂತು. ಅದಕ್ಕೇ ಒಂದು ಜೀನ್ ಸಾಲದು, ಹಲವು ಬೇಕು. ಬೆಳೆಸಿ ಕಾಪಾಡಿದ ಜೀವಂತ ಕಲ್ಚರ್ ಬೇಕು, ಬೇರೆಯವರು ತರಿಸಿ ಪರೀಕ್ಷಿಸುವಂತಿರಬೇಕು.

ಸೈನಿಕರಿಗೆ ಚರ್ಮ ವೈದ್ಯರು ಹುಣ್ಣಿನ ಅಂಚಿಗೇ ಸ್ಟಿಬೋಗ್ಲುಕೋನೇಟ್ ಇಂಜೆಕ್ಷನ್ ಕೊಟ್ಟರು. ಹುಣ್ಣು ಮಾಯಿತು, ಕಲೆ ಉಳಿಯಿತು.