ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಮೊದಲು

ಮಲ್ಲೇಶ್ವರದಲ್ಲಿ 22 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಸೊಂಟದಲ್ಲಿ ಶುರುವಾದ ನೋವು ಕರೆಂಟ್ ಹೊಡೆದ ಹಾಗೆ ಎಡಗಾಲಿನ ಹೆಬ್ಬೆರಳಿನವರೆಗೂ ಇಳಿಯುತ್ತಿತ್ತು. ಎರಡು ಸಲ ಈ ಇಂಜೆಕ್ಷನ್ ಹಾಕಿಸಿಕೊಂಡಿದ್ದೇನೆ.

ನೋವು ಕಾಲಿಗೆ ಇಳಿಯುತ್ತಾ, ಅಥವಾ ಸೊಂಟದಲ್ಲೇ ನಿಲ್ಲುತ್ತಾ? ಮೊದಲು ಇದನ್ನು ಗಮನಿಸಿ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಉಬ್ಬಿ ನರ ಊದಿಕೊಂಡು ಕಾಲಿಗೆ ನೋವು ಬರುವವರಿಗೆ ಇದರಿಂದ ಉಪಯೋಗ ಜಾಸ್ತಿ. ಬರೀ ಸೊಂಟ ನೋವಿಗೆ ಅಷ್ಟಾಗಿ ಇಲ್ಲ.

ಸಕ್ಕರೆ ಕಾಯಿಲೆ ಇದ್ದರೆ ತಪ್ಪದೆ ಹೇಳಿ. ಮೊದಲ ಸಲ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೇ ದಿನ ಶುಗರ್ 340 ಆಗಿ ಮನೆಯವರೆಲ್ಲ ಹೆದರಿಬಿಟ್ಟರು. ಎರಡನೇ ಸಲ ಶುಗರ್ ಡಾಕ್ಟರನ್ನು ಮೊದಲೇ ಕಂಡೆ. ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡಿಕೊಂಡೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಅದನ್ನೂ ಹೇಳಬೇಕು. ಆದರೆ ನೀವಾಗೇ ನಿಲ್ಲಿಸಬೇಡಿ, ಹಾರ್ಟ್ ಡಾಕ್ಟರೇ ಹೇಳಲಿ. ಜ್ವರ ಇದ್ದರೆ ಆ ದಿನ ಬೇಡ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಹೊಟ್ಟೆ ಕೆಳಗೆ ದಿಂಬಿಟ್ಟು ಬೋರಲು ಮಲಗಿಸುತ್ತಾರೆ. ಚರ್ಮ ಮರಗಟ್ಟಿಸಿ, ಎಕ್ಸ್-ರೇ ಪರದೆ ನೋಡುತ್ತಾ ಸೂಜಿ ಇಳಿಸುತ್ತಾರೆ. ನನಗೆ 20 ನಿಮಿಷ ಹಿಡಿಯಿತು. ಕಾಲಿನಲ್ಲಿ ಒತ್ತಿದ ಹಾಗೆ ಆಗುತ್ತದೆ. ಚುಚ್ಚಿ ಎಳೆದ ಹಾಗಾದರೆ ಅಲುಗಾಡಬೇಡಿ, ಬಾಯಿಬಿಟ್ಟು ಹೇಳಿ. ವಾಪಸ್ ಬರುವಾಗ ಹಂಪ್ ಬಂದರೆ ನಿಧಾನ ಅಂತ ಆಟೋದವರಿಗೆ ಹತ್ತುವಾಗಲೇ ಹೇಳಿಬಿಡಿ.

ಅವತ್ತು ಸಂಜೆ ನೋವೇ ಇರಲಿಲ್ಲ. ಮಾರನೇ ದಿನ ಪೂರ್ತಿ ವಾಪಸ್ ಬಂತು. ಎಲ್ಲ ದಂಡವಾಯಿತು ಅಂತ ಅತ್ತುಬಿಟ್ಟೆ. ಸಂಜೆಯ ಆರಾಮ ಮರಗಟ್ಟಿಸುವ ಔಷಧದ್ದು, ಅಷ್ಟೇ. ಸ್ಟೀರಾಯ್ಡ್ ಕೆಲಸ ಶುರುವಾಗಲು ಎರಡು ಮೂರು ದಿನ, ಕೆಲವರಿಗೆ ವಾರವೇ ಬೇಕು. ಮುಖ ಕೆಂಪಾಗಬಹುದು, ಒಂದೆರಡು ರಾತ್ರಿ ನಿದ್ದೆ ಬರದಿರಬಹುದು.

ನೋವು ಇಳಿದ ಮೇಲೆ ಸುಮ್ನೆ ಕೂರಬೇಡಿ. ಇಂಜೆಕ್ಷನ್ ನರದ ಊತ ಇಳಿಸುತ್ತದೆ, ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಆರಾಮ ಕೆಲವು ವಾರ ಇರಬಹುದು, ಕೆಲವು ತಿಂಗಳೂ ಇರಬಹುದು. ಮೊದಲ ಸಲ ಆ ದಿನಗಳನ್ನೆಲ್ಲ ಮದುವೆ ಸೀಸನ್‌ನ ಬ್ಲೌಸ್ ಹೊಲಿಯುವುದರಲ್ಲೇ ಕಳೆದೆ, ನೋವು ಮತ್ತೆ ಬಂತು. ಎರಡನೇ ಸಲ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಬಿಡಲಿಲ್ಲ. ದಿನಾ ಸ್ಯಾಂಕಿ ಕೆರೆ ಹತ್ತಿರ ನಡೆದೆ, ಅರ್ಧ ಗಂಟೆಗೊಮ್ಮೆ ಮೆಷಿನ್ ಬಿಟ್ಟು ಎದ್ದೆ. ವರ್ಷಕ್ಕೆ ಮೂರು ನಾಲ್ಕಕ್ಕಿಂತ ಜಾಸ್ತಿ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ.

ಕಾಲಿನಲ್ಲಿ ಬಲವೇ ಇಲ್ಲದಂತಾದರೆ, ತೊಡೆಗಳ ನಡುವೆ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಇಂಜೆಕ್ಷನ್ ಆದ ಮೇಲೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ.