ಇಷ್ಟವಾಗಲಿಲ್ಲ ಎಂದು ಬರೆಯುವ ಮೊದಲು

ಗೆಳತಿಯೊಬ್ಬಳು ತುಂಬಾ ಮೆಚ್ಚಿ ಓದಲು ಕೊಟ್ಟ ಫ್ಯಾಂಟಸಿ ಕಾದಂಬರಿ ಅದು. ಓದಿ ಮುಗಿಸಿ ಅದರ ವಿಮರ್ಶೆ ಬರೆಯಲು ಕೂತೆ. 'ವಿಭಿನ್ನ ಪ್ರಯತ್ನ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ' ಅಂತ ಮೊದಲ ಸಾಲು ಬಂತು. ಐದೇ ನಿಮಿಷಕ್ಕೆ ಅದನ್ನು ಹೊಡೆದುಹಾಕಿದೆ. ಸುಳ್ಳು ಅದು. ಕೊನೆಯ ನೂರು ಪುಟಗಳನ್ನು ನಾನು ಹಟ ಹಿಡಿದು ಮುಗಿಸಿದ್ದೆ.

ಇಷ್ಟವಾಗಲಿಲ್ಲ ಎನ್ನುವುದು ಗೊತ್ತಿತ್ತು, ಯಾಕೆ ಎನ್ನುವುದು ಗೊತ್ತಿರಲಿಲ್ಲ. 'ಕಟ್ಟಿದ ಲೋಕ ಗಟ್ಟಿಯಾಗಿಲ್ಲ' ಎಂದು ಸುಮ್ನೆ ಬರೆದರೆ ಓದುವವರಿಗೆ ಏನು ಸಿಗುತ್ತದೆ? ಹಾಗಾಗಿ ಪುಸ್ತಕ ಮತ್ತೆ ತೆರೆದು, ನನ್ನ ನಂಬಿಕೆ ಯಾವ ಪುಟದಲ್ಲಿ ಕಳಚಿತು ಎಂದು ಹುಡುಕಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಸೈನ್ಯ. ಹತ್ತು ಸಾವಿರ ಕುದುರೆಗಳು ಹತ್ತು ದಿನ ಮರಳುಗಾಡು ದಾಟುತ್ತವೆ. ದಾರಿಯಲ್ಲಿ ಬಾವಿಯಿಲ್ಲ, ನೀರು ಹೊರುವವರಿಲ್ಲ. ಒಂದು ಕುದುರೆಗೆ ದಿನಕ್ಕೆ ಸುಮಾರು 25 ಲೀಟರ್ ನೀರು ಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ. ಒಟ್ಟು ದಿನಕ್ಕೆ ಎರಡೂವರೆ ಲಕ್ಷ ಲೀಟರ್! ಆದರೂ ಈ ಲೆಕ್ಕವನ್ನು ಬರಹದಿಂದ ಬಿಟ್ಟೆ. ಕಥೆ ನನ್ನನ್ನು ಹಿಡಿದಿಟ್ಟಿದ್ದರೆ ಕುದುರೆಗಳ ಬಾಯಾರಿಕೆ ನೆನಪಿಗೇ ಬರುತ್ತಿರಲಿಲ್ಲ. ನಿಜವಾದ ಬಿರುಕು ಬೇರೆ ಕಡೆ ಇತ್ತು.

ಐದನೇ ಅಧ್ಯಾಯದಲ್ಲಿ ನಾಯಕಿ ಮಂತ್ರದಿಂದ ಒಂದು ದೀಪ ಹಚ್ಚುತ್ತಾಳೆ. ಅದಕ್ಕೆ ಅವಳ ಆಯುಸ್ಸಿನ ಒಂದು ವರ್ಷ ಹೋಗುತ್ತದೆ, ಒಂದು ಎಳೆ ಕೂದಲು ಬೆಳ್ಳಗಾಗುತ್ತದೆ. ಅವಳ ತಂಗಿ ಆ ಕೂದಲನ್ನು ಹಿಡಿದು ಅಳುತ್ತಾಳೆ. ಎಂಥ ಪುಟ ಅದು! ಅಲ್ಲಿಂದ ಮುಂದೆ ಅವಳು ಕೈ ಎತ್ತಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಮೂವತ್ತನೇ ಅಧ್ಯಾಯದಲ್ಲಿ ಅದೇ ಹುಡುಗಿ ಇಡೀ ಪ್ರವಾಹವನ್ನು ತಡೆದು ನಿಲ್ಲಿಸಿ, ಊಟಕ್ಕೆ ಹೋಗುತ್ತಾಳೆ. ಒಂದು ಕೂದಲೂ ನರೆಯುವುದಿಲ್ಲ. ತಂಗಿಯೂ ಏನೂ ಕೇಳುವುದಿಲ್ಲ.

ನಾನೇ ಏನಾದರೂ ತಪ್ಪಿಸಿಕೊಂಡೆನೇ? ಆ ಅನುಮಾನಕ್ಕೆ ನಡುವಿನ ಅಧ್ಯಾಯಗಳನ್ನು ಮತ್ತೆ ಓದಿದೆ. ಎರಡು ಸಂಜೆ ಹಿಡಿಯಿತು. ನಿಯಮ ಬದಲಾದದ್ದಕ್ಕೆ ಒಂದು ಸಾಲಿನ ಕಾರಣವೂ ಇರಲಿಲ್ಲ. ಆಮೇಲೆಯೇ ಧೈರ್ಯವಾಗಿ ಬರೆದೆ. ದೀಪದ ಪುಟವನ್ನು ಮನಸಾರೆ ಹೊಗಳಿದೆ, ಆ ಪುಟಕ್ಕೆ ಲೇಖಕರೇ ಕೊನೆತನಕ ನಿಲ್ಲಲಿಲ್ಲ ಎಂದೂ ಹೇಳಿದೆ.

ಗೆಳತಿಗೆ ಮೊದಲು ತೋರಿಸಿದೆ. ಬೇರೆಯವರಿಂದ ಅವಳಿಗೆ ತಿಳಿಯುವುದು ನನಗೆ ಬೇಡವಾಗಿತ್ತು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕಲ್ಪನೆ ಅಲ್ವಾ? ಅದರಲ್ಲೂ ಇಷ್ಟು ಲೆಕ್ಕ ಇಡಬೇಕಾ?" ಎಂದಳು.

ನಾನು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಹೆಸರು ತೆಗೆದೆ. ಇಂಥ ಕಥೆಗಳ ಬಗ್ಗೆ ಅವರು 1939ರಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು, 1947ರಲ್ಲಿ ಅದು ಪ್ರಬಂಧವಾಗಿ ಅಚ್ಚಾಯಿತು. ಕಥೆಗಾರ ಕಟ್ಟಿದ ಲೋಕದೊಳಗೆ ಹೇಳಿದ್ದೆಲ್ಲ ಆ ಲೋಕದ ನಿಯಮದಂತೆ ನಿಜವಾಗಿರಬೇಕು, ಅಪನಂಬಿಕೆ ಹುಟ್ಟಿದ ಗಳಿಗೆಯಲ್ಲೇ ಮೋಡಿ ಮುರಿಯುತ್ತದೆ ಎನ್ನುವುದು ಅವರ ಮಾತಿನ ಸಾರ. "ಒಂದು ವರ್ಷದ ಬೆಲೆ ಇಟ್ಟದ್ದು ನಾನಲ್ಲ, ಪುಸ್ತಕವೇ" ಎಂದೆ.

ಅವಳು ಒಪ್ಪಲಿಲ್ಲ. ಪ್ರವಾಹದ ದೃಶ್ಯ ಅವಳಿಗೆ ಈಗಲೂ ಇಷ್ಟ. ಎರಡು ದಿನ ಬಿಟ್ಟು ಫೋನ್ ಮಾಡಿ, "ತಂಗಿ ಯಾಕೆ ಸುಮ್ಮನಿದ್ದಳು ಅಂತ ಯೋಚಿಸ್ತಾ ಇದ್ದೀನಿ" ಎಂದಳು. ಆವತ್ತು ಒಂದು ಗಂಟೆ ಬರೀ ಆ ತಂಗಿಯ ಬಗ್ಗೆ ಮಾತಾಡಿದೆವು.