ಏಪ್ರಿಲ್ ಬಿಸಿಲಲ್ಲಿ ಹಿಮದ ಬೆಟ್ಟ ಹತ್ತೋಕೆ ನಾನು ಏನೇನು ನೋಡ್ಕೊಳ್ತೀನಿ

ಸಿಯಾಟಲ್ ಕಡೆ ಇರೋ ನಮ್ಮ ಕನ್ನಡದವರು ಏಪ್ರಿಲ್ ಬಂದ್ರೆ ಸಾಕು ಹೈಕಿಂಗ್ ಶುರು ಮಾಡ್ತಾರೆ, ಐ-90 ಹೆದ್ದಾರಿಯಲ್ಲಿ ಎಕ್ಸಿಟ್ 47 ತಗೊಂಡ್ರೆ ಗ್ರಾನೈಟ್ ಮೌಂಟನ್, ಪಾರ್ಕಿಂಗ್‌ನಲ್ಲಿ ಚೂರೂ ಹಿಮ ಇರಲ್ಲ, ಕಾಡೊಳಗಿನ ದಾರಿನೂ ಒಣಗಿರುತ್ತೆ, ಟೀ ಶರ್ಟಲ್ಲೇ ಹತ್ತಬಹುದು, ಹಾಗಾಗಿ ಹಿಮಕುಸಿತದ ಯೋಚನೆನೇ ಯಾರಿಗೂ ಬರಲ್ಲ. ಆದ್ರೆ ಬೇಸಿಗೆಯ ದಾರಿ ಸ್ವಲ್ಪ ಮೇಲೆ ಹೋದ್ಮೇಲೆ ಮರಗಳೇ ಇಲ್ಲದ ಉದ್ದದ ಕೊರಕಲೊಂದನ್ನ ದಾಟುತ್ತೆ. ಅಲ್ಲಿ ದೊಡ್ಡ ಮರ ಯಾಕಿಲ್ಲ ಅಂದ್ರೆ ಹಿಮ ಜಾರಿ ಜಾರಿ ಬಂದು ಬೆಳೆಯೋಕೇ ಬಿಟ್ಟಿಲ್ಲ. ಅದು ದಕ್ಷಿಣಕ್ಕೆ ಮುಖ ಮಾಡಿರೋ ಕೊರಕಲು, ಬಿಸಿಲು ನೇರ ಬೀಳುತ್ತೆ, ಬೆಟ್ಟದ ತುದಿ 5,629 ಅಡಿ, ಕೆಳಗೆ ವಸಂತ ಬಂದಿದ್ರೂ ಅಲ್ಲಿ ಚಳಿಗಾಲದ ಹಿಮ ಇನ್ನೂ ಕೂತಿರುತ್ತೆ. 2013ರ ಏಪ್ರಿಲ್ 13ಕ್ಕೆ ಈ ಬೆಟ್ಟದಲ್ಲೂ ಹತ್ತಿರದ ರೆಡ್ ಮೌಂಟನ್‌ನಲ್ಲೂ ಒಂದೇ ದಿನ ಹಿಮ ಕುಸಿದು ಎರಡೂ ಕಡೆ ಜೀವ ಹೋಯ್ತು.

ನಾನು ಹೋಗ್ಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋದು ಹಿಂದಿನ ರಾತ್ರಿಯ ಆಕಾಶ ನೋಡಿ. ರಾತ್ರಿ ಆಕಾಶ ತಿಳಿಯಾಗಿದ್ರೆ ಹಿಮದ ಮೇಲ್ಮೈ ತನ್ನ ಶಾಖನೆಲ್ಲ ಮೇಲಕ್ಕೆ ಬಿಟ್ಟು ಗಟ್ಟಿಯಾಗುತ್ತೆ, ಗಾಳಿಯ ಟೆಂಪರೇಚರ್ ಸೊನ್ನೆಗಿಂತ ಸ್ವಲ್ಪ ಮೇಲಿದ್ರೂ ಪರವಾಗಿಲ್ಲ. ಮೋಡ ಮುಚ್ಕೊಂಡಿದ್ರೆ ಶಾಖ ಹೋಗೋಕೆ ಜಾಗ ಇಲ್ಲ, ಹಿಮ ರಾತ್ರಿಯಿಡೀ ಹಸಿಯಾಗೇ ಇರುತ್ತೆ, ಬೆಳಿಗ್ಗೆ ಎಷ್ಟೇ ಬೇಗ ಹೋದ್ರೂ ಪ್ರಯೋಜನ ಇಲ್ಲ. ಮಳೆ ಬಂದಿದ್ರೆ ಇನ್ನೂ ಕೆಟ್ಟದ್ದು. ಹಿಮಕುಸಿತದ ಮುನ್ಸೂಚನೆ ಕೊಡೋ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಫೋರ್‌ಕಾಸ್ಟ್ ಓದ್ತೀನಿ, ಹತ್ತಿರದ ಸ್ಕೀ ಜಾಗ ಆಲ್ಪೆಂಟಲ್‌ನಲ್ಲಿರೋ ಅವರ ವೆದರ್ ಸ್ಟೇಷನ್ ರೀಡಿಂಗ್‌ನ ಮಲಗೋಕೆ ಮುಂಚೆ ಒಂದ್ಸಲ, ಎದ್ದ ತಕ್ಷಣ ಒಂದ್ಸಲ ನೋಡ್ತೀನಿ. ದಿನದಿನದ ಫೋರ್‌ಕಾಸ್ಟ್ ಏಪ್ರಿಲ್ ಮಧ್ಯದ ಹೊತ್ತಿಗೆ ನಿಂತು ಹೋಗುತ್ತೆ, ಆದ್ರೆ ಮೇಲೆ ಹಿಮ ಆಮೇಲೂ ವಾರಗಟ್ಟಲೆ ಇರುತ್ತೆ, ಆಗ ನಮ್ಮ ಕಣ್ಣು ಕಾಲುಗಳನ್ನೇ ನಂಬ್ಕೊಬೇಕು.

ಕತ್ತಲಲ್ಲೇ ಹೆಡ್‌ಲ್ಯಾಂಪ್ ಹಾಕ್ಕೊಂಡು ಹೊರಡ್ತೀವಿ. ಕೊರಕಲನ್ನ ದಾಟೋದೇ ಇಲ್ಲ, ಅದಕ್ಕೆ ಮುಂಚೆನೇ ದಾರಿ ಬಿಟ್ಟು ಮರ ದಟ್ಟವಾಗಿರೋ ರಿಡ್ಜ್, ಅಂದ್ರೆ ಬೆಟ್ಟದ ಏಣು ಹಿಡಿದು ಹತ್ತೋದು. ಕಡಿದು ಹೌದು, ಸುಸ್ತೂ ಜಾಸ್ತಿ, ಆದ್ರೆ ತಲೆ ಮೇಲೆ ಏನೂ ತೂಗ್ತಿರಲ್ಲ. ಹಿಮ ಹೆಚ್ಚಾಗಿ ಕುಸಿಯೋ 30ರಿಂದ 45 ಡಿಗ್ರಿ ಇಳಿಜಾರು ಎಲ್ಲೆಲ್ಲಿದೆ ಅಂತ ಮ್ಯಾಪಲ್ಲಿ ಮೊದಲೇ ಗುರುತು ಮಾಡಿರ್ತೀನಿ, ನಾವು ನಿಂತಿರೋ ಜಾಗ ಸಮತಟ್ಟಾಗಿದ್ರೆ ಸಾಲ್ದು, ಮೇಲೆ ಏನಿದೆ ಅನ್ನೋದು ಮುಖ್ಯ. ಬೆಳಗಿನ ಜಾವ ಹಿಮದ ಮೇಲೆ ಕಾಲಿಟ್ರೆ ಕರಕರ ಅನ್ಬೇಕು, ಬೂಟಿನ ಅಂಚು ಮಾತ್ರ ಕಚ್ಚಬೇಕು. ಮೊದಲು ಪೂರ್ವದ ಇಳಿಜಾರು ಕಾಯುತ್ತೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಕಾಲು ಹಿಮ್ಮಡಿ ದಾಟಿ ಹೂತ್ಕೊಳ್ಳೋಕೆ ಶುರುವಾದ್ರೆ, ಬಂಡೆ ಪಕ್ಕದಿಂದ ಹಿಮದ ಸಣ್ಣ ಉಂಡೆಗಳು ತಾನೇ ಉರುಳಿ ಹಿಂದೆ ಗೆರೆ ಬಿಡ್ತಾ ಬಂದ್ರೆ, ತುದಿ ಎಷ್ಟೇ ಹತ್ತಿರ ಇದ್ರೂ ವಾಪಸ್. ಒಂದು ವಿಷಯ, ಇಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹಾಕಿರ್ತಾರಲ್ಲ, ಹಾಗಾಗಿ ಸೂರ್ಯ ನೆತ್ತಿಗೆ ಬರೋದು ಮಧ್ಯಾಹ್ನ ಒಂದು ಗಂಟೆ ದಾಟಿದ್ಮೇಲೆ, ಹನ್ನೆರಡಾಯ್ತು ಇನ್ನು ಬಿಸಿಲು ಇಳಿಯುತ್ತೆ ಅನ್ಕೊಬಾರ್ದು.

ವಸಂತದ ಹಸಿ ಹಿಮ ಚಳಿಗಾಲದ ಪುಡಿ ಹಿಮದಷ್ಟು ವೇಗವಾಗಿ ಬರಲ್ಲ, ಆದ್ರೆ ಮೋಲ್ಡ್‌ಗೆ ಸುರಿಯೋ ಕಾಂಕ್ರೀಟ್ ಥರ ಬಂದು ನಿಂತ ತಕ್ಷಣ ಗಟ್ಟಿಯಾಗುತ್ತೆ, ಬೆರಳು ಅಲ್ಲಾಡ್ಸೋಕೂ ಆಗಲ್ಲ. 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದ್ರು, ಆಮೇಲೆ ದೆಹಲಿಯಲ್ಲಿ ತೀರಿಕೊಂಡ್ರು, ಅವರನ್ನ ನೆನೆಸ್ಕೊಂಡ್ರೆ ಈಗಲೂ ಗಂಟಲು ಕಟ್ಟುತ್ತೆ. ಅವರು ಟೆಂಟ್ ಒಳಗಿದ್ರು. ಬಯಲಲ್ಲಿ ಸಿಕ್ಕಾಕ್ಕೊಂಡ ನಮ್ಮಂಥವರಿಗೆ ಹತ್ತು ಹದಿನೈದು ನಿಮಿಷ ದಾಟಿದ್ರೆ ಬದುಕೋ ಚಾನ್ಸ್ ಸರ್ರನೆ ಇಳಿಯುತ್ತೆ, ರೆಸ್ಕ್ಯೂ ಟೀಮ್ ಅಷ್ಟರೊಳಗೆ ಬರೋದು ಕಷ್ಟ. ಅದಕ್ಕೇ ಗುಂಪಲ್ಲಿ ಪ್ರತಿಯೊಬ್ಬರ ಹತ್ರನೂ ಬೀಕನ್ (ಹೂತವರು ಎಲ್ಲಿದ್ದಾರೆ ಅಂತ ಸಿಗ್ನಲ್ ಕೊಡೋ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕೋ ಉದ್ದ ಕೋಲು), ಶೊವೆಲ್ (ಅಗೆಯೋ ಸಲಿಕೆ) ಮೂರೂ ಇರ್ಬೇಕು, ಬಳಸೋಕೂ ಬರ್ಬೇಕು, ಒಬ್ಬರ ಹತ್ರ ಇಲ್ಲ ಅಂದ್ರೂ ಆ ದಿನದ ಪ್ಲಾನ್ ತಗ್ಗಿನಲ್ಲಿರೋ ಸುಲಭದ ಹೈಕ್ ರಾಟಲ್‌ಸ್ನೇಕ್ ಲೆಡ್ಜ್‌ಗೆ ಬದಲಾಗುತ್ತೆ.

ಇದೇ ರಾಜ್ಯದ ಜ್ವಾಲಾಮುಖಿ ಮೌಂಟ್ ಸೇಂಟ್ ಹೆಲೆನ್ಸ್‌ಗೆ ಹೋಗೋರು ಇನ್ನೊಂದು ವಿಷಯ ಗಮನಿಸಿ. ತುದಿಯಲ್ಲಿ ಜ್ವಾಲಾಮುಖಿಯ ಬಾಯಿ ಇದೆ, ಅದರ ಅಂಚಿನಿಂದಾಚೆಗೆ ಹಿಮದ ಚಾಚು ಬೆಳೆದಿರುತ್ತೆ, ಕಾರ್ನಿಸ್ ಅಂತಾರೆ, ನಾವು ಹತ್ತಿ ಬರೋ ಕಡೆಯಿಂದ ನೋಡಿದ್ರೆ ಗಟ್ಟಿ ನೆಲದ ಹಾಗೇ ಕಾಣುತ್ತೆ. 2010ರಲ್ಲೂ 2024ರಲ್ಲೂ ಅದು ಮುರಿದು ಜನ ಒಳಗೆ ಬಿದ್ದು ಸತ್ತಿದ್ದಾರೆ. ಮುರಿಯೋ ಗೆರೆ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಹಿಂದೆ ಇರುತ್ತೆ, ಹಾಗಾಗಿ ಕಲ್ಲು ಕಾಣದ ಕಡೆ ನಾನು ಅಂಚಿನ ಹತ್ರ ಸುಳಿಯಲ್ಲ, ಒಳಗಿನ ನೋಟ ಸಿಗದಿದ್ರೂ ಪರವಾಗಿಲ್ಲ. ಯಾರಾದ್ರೂ ಫೋಟೋಗೆ ಅಂತ ಮುಂದೆ ಹೋಗ್ತಿದ್ರೆ ಜೋರಾಗಿ ಕೂಗಿ ಹಿಂದಕ್ಕೆ ಕರೀತೀನಿ, ಪರಿಚಯ ಇಲ್ಲದವರಾದ್ರೂ ಸರಿ.